ಎಣ್ಣೆಯಣ್ಣನ ದಿನಕ್ಕೊಂದು ಗೀಟು

ಎಣ್ಣೆಯಣ್ಣ ಸೂಜಿ ಕದಿಯುತ್ತಿದ್ದಾನೆ ಎಂದಿದ್ದರೆ ಶೆಡ್ಡಿನ ಅರ್ಧ ಜನ ನಂಬುತ್ತಿದ್ದರು, ಉಳಿದರ್ಧ ಜನ ನಮಗೂ ಎರಡು ಕೊಡು ಎನ್ನುತ್ತಿದ್ದರು. ಜಪಾನಿ ಭಾಷೆ ಕಲಿಯುತ್ತಿದ್ದಾನೆ ಎಂದರೆ ಮಾತ್ರ ನಂಬುವ ಒಂದು ನರಪಿಳ್ಳೆಯೂ ಅಲ್ಲಿರಲಿಲ್ಲ. ಕಲಿತು ಏನು ಮಾಡುತ್ತೀಯ ಎಂದು ಕೇಳಿದರೆ ಅವನ ಬಳಿ ಉತ್ತರವಿರಲಿಲ್ಲ. ಉತ್ತರವಿಲ್ಲದ ಮನುಷ್ಯನನ್ನು ಬಟ್ಟೆ ಹೊಲಿಯುವ ಶೆಡ್ಡು ಕಳ್ಳನಿಗಿಂತ ಹೆಚ್ಚು ಅನುಮಾನದಿಂದ ನೋಡುತ್ತದೆ.

ವಯಸ್ಸು ಐವತ್ತೆರಡು. ಕೆಲಸ ಹೊಲಿಗೆ ಮೆಷಿನ್‌ಗಳ ರಿಪೇರಿ. ಕೈಯಲ್ಲಿ ಸದಾ ಉದ್ದ ಮೂತಿಯ ಎಣ್ಣೆ ಡಬ್ಬಿ ಇರುತ್ತಿದ್ದುದರಿಂದ ಆ ಹೆಸರು ಬಿತ್ತು. ಹೊಸಬರು ಅದನ್ನು ಸಂಜೆಯ ಬೇರೆ ಎಣ್ಣೆ ಎಂದುಕೊಂಡು ನಗುತ್ತಿದ್ದರು. ಪಾಪ, ಅವನು ಕೆಮ್ಮಿನ ಔಷಧಿಯನ್ನೂ ಮೂಸಿ ನೋಡಿ ಕುಡಿಯುವ ಆಸಾಮಿ. ಹದಿನೆಂಟು ವರ್ಷದ ಹಿಂದೆ ಮಾಲೀಕರು ಮೆಷಿನ್‌ಗಳನ್ನು ಲಾರಿಗೆ ತುಂಬಿಸಿ ಬೇರೆಡೆ ಸಾಗಿಸಲು ಹೊರಟಾಗ ಗೇಟಿನ ಮುಂದೆ, ಚಕ್ರದ ಅಡಿಗೆ ತಲೆ ಕೊಟ್ಟು ಮಲಗಿದವನು ಅವನೇ. ನಲವತ್ತೊಂದು ದಿನ ಲಾರಿ ಅಲ್ಲಾಡಲಿಲ್ಲ. ಅಂದಿನಿಂದ ಕಾರ್ಮಿಕರ ಸಮಿತಿಯ ಏಳು ಜನರಲ್ಲಿ ಒಂದು ಜಾಗ ಅವನದು. ಅವನಿಗೆ ಬೇರೆ ಆಸ್ತಿ ಇರಲಿಲ್ಲ, ಆ ಜಾಗ ಇತ್ತು.

ಜಪಾನಿ ಹುಚ್ಚು ಹತ್ತಿದ್ದು ಎರಡು ವರ್ಷದ ಹಿಂದೆ. ಶೆಡ್ಡಿನ ಅತಿ ಹಳೆಯ ಮೆಷಿನ್‌ನ ಜೊತೆ ಬಂದಿದ್ದ ಜಪಾನಿ ಪುಸ್ತಕವೊಂದು ಅವನ ಬಳಿ ಇತ್ತು. ಕಾಲು ಶತಮಾನ ಅದರ ಚಿತ್ರ ನೋಡಿ ರಿಪೇರಿ ಮಾಡಿದ್ದ. ಚಿತ್ರದ ಪಕ್ಕದ ಸಾಲುಗಳಲ್ಲಿ ಏನೋ ಗುಟ್ಟಿದೆ, ಕಂಪನಿಯವರು ಬೇಕೆಂದೇ ಮುಚ್ಚಿಟ್ಟಿದ್ದಾರೆ ಎಂಬ ಗುಮಾನಿ ಅವನಿಗೆ ಬಹಳ ಕಾಲದಿಂದ ಇತ್ತು. ಹಳೇ ಪುಸ್ತಕದಂಗಡಿಯಿಂದ ಒಂದು ಪಾಠದ ಪುಸ್ತಕ ತಂದ, ಫೋನಿನಲ್ಲಿ ಪಾಠ ಕೇಳಿದ, ನಾಲ್ಕು ತಿಂಗಳು ಗುದ್ದಾಡಿ ಮೊದಲ ಸಾಲು ಓದಿದ. "ಪ್ರತಿದಿನ ಕೆಲಸ ಮುಗಿದ ಮೇಲೆ ಮೆತ್ತನೆಯ ಬಟ್ಟೆಯಿಂದ ಒರೆಸಿರಿ" ಎಂದಿತ್ತು. ಕಾಲು ಶತಮಾನದಿಂದ ದಿನಾ ಒರೆಸುತ್ತಿದ್ದವನು ಅವನೇ. ಒಬ್ಬನೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಅಲ್ಲಿಗೆ ಬಿಡಬೇಕಿತ್ತು. ಬಿಡಲಿಲ್ಲ.

ಹೆಂಡತಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸದವಳು, ಕಲೆ ನೋಡಿ ಕಥೆ ಹೇಳುವವಳು. ಅವಳೂ ನಂಬಲಿಲ್ಲ.

"ಯಾರವಳು?" ಎಂದಳು ಒಂದು ದಿನ, ಅವನು ಬರೆಯುತ್ತಿದ್ದ ಹಾಳೆಯ ಮೇಲೆ ಬಗ್ಗಿ.

"ಯಾರು?"

"ನೀನು ಪತ್ರ ಬರೀತಿರೋಳು. ನಮ್ಮ ಭಾಷೇಲಿ ಬರೆದ್ರೆ ನಾನು ಓದ್ತೀನಿ ಅಂತ ತಾನೆ ಈ ಕೋಳಿಕಾಲು?"

"ಇದು 'ಬಾಯಿ' ಕಣೇ. ಬಾಯಿ ಅಂತ ಬರೆದಿದ್ದೀನಿ."

"ಓಹೋ, ಬಾಯಿವರೆಗೂ ಬಂದಿದ್ಯಾ?" ಎಂದು ಬಟ್ಟೆ ಮಡಚಲು ಹೋದಳು. ಮೂವತ್ತು ವರ್ಷದಲ್ಲಿ ಈ ಗಂಡಸಿನ ಬಾಯಿಂದ ಒಂದು ಒಳ್ಳೆ ಮಾತು ಕೇಳಿರದ ಅವಳಿಗೆ, ಅವನನ್ನು ಇನ್ನೊಬ್ಬಳು ಮೆಚ್ಚುತ್ತಾಳೆಂಬ ಭಯ ನಿಜವಾಗಿ ಇರಲಿಲ್ಲ.

ಎರಡನೇ ವರ್ಷ ಕಷ್ಟ ಶುರುವಾಯಿತು. ಆ ಭಾಷೆಗೆ ಮೊದಲು ತೊಂಬತ್ತು ಚಿಲ್ಲರೆ ಅಕ್ಷರ, ಅದು ಹೇಗೋ ಮುಗಿಯಿತು. ಆಮೇಲೆ ಒಂದೊಂದು ಮಾತಿಗೂ ಒಂದೊಂದು ಗುರುತು, ಅಂಥವು ಎರಡು ಸಾವಿರಕ್ಕೂ ಮೇಲೆ. ಹತ್ತು ಕಲಿತರೆ ಏಳು ಮರೆಯುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಮೂರು ಸಲ ಬಿಟ್ಟ, ಮೂರು ಸಲ ಹಿಡಿದ. ನಾಲ್ಕನೇ ಸಲ ಬಿಟ್ಟರೆ ಮತ್ತೆ ಹಿಡಿಯುವುದಿಲ್ಲ ಎಂದು ಅವನಿಗೆ ತನ್ನ ಮೇಲೇ ಅನುಮಾನ ಬಂತು. ಆಗ ಗೀಟು ಹಾಕತೊಡಗಿದ.

ಶೆಡ್ಡಿನ ಹಿಂಭಾಗದಲ್ಲಿ ಕಂಪ್ರೆಸರ್‌ನ ಹಿಂದೆ ಒಂದು ಹಳೇ ಸ್ವಿಚ್ ಪೆಟ್ಟಿಗೆ ಇತ್ತು. ತಂತಿ ಕಿತ್ತು ಎಷ್ಟೋ ವರ್ಷವಾಗಿ, ಬರೀ ಕಬ್ಬಿಣದ ಗೂಡಾಗಿತ್ತು. ಅದರೊಳಗೆ ಪಾಠದ ಪುಸ್ತಕ ಇಟ್ಟ. ಊಟದ ಬಿಡುವಿನ ಕೊನೆಯ ಇಪ್ಪತ್ತು ನಿಮಿಷ ದಾರದ ರಟ್ಟಿನ ಪೆಟ್ಟಿಗೆ ಬೋರಲು ಹಾಕಿ ಕೂತು ಓದುತ್ತಿದ್ದ, ಕಟಿಂಗ್ ಮೇಜಿನಿಂದ ಬಿದ್ದ ತೆಳು ಕಾಗದದ ಮೇಲೆ ಬರೆಯುತ್ತಿದ್ದ, ಬರೆದದ್ದನ್ನು ಮುದುರಿ ಚಿಂದಿಬುಟ್ಟಿಗೆ ಹಾಕುತ್ತಿದ್ದ. ಆಮೇಲೆ ಪೆಟ್ಟಿಗೆಯ ಬಾಗಿಲಿನ ಒಳಮೈಗೆ ಸೀಮೆಸುಣ್ಣದಿಂದ ಒಂದೇ ಒಂದು ಗೀಟು. ಅದನ್ನೂ ಆ ದೇಶದವರು ಎಣಿಸುವ ಹಾಗೆಯೇ ಹಾಕಿದ: ಮೊದಲ ದಿನ ಮೇಲೊಂದು ಅಡ್ಡಗೀಟು, ಎರಡನೇ ದಿನ ನಡುವೆ ಉದ್ದಗೀಟು, ಮೂರನೇ ದಿನ ಬಲಕ್ಕೊಂದು ಚಿಕ್ಕ ಅಡ್ಡ, ನಾಲ್ಕಕ್ಕೆ ಎಡಗಡೆ ಚಿಕ್ಕ ಉದ್ದ, ಐದಕ್ಕೆ ಬುಡದಲ್ಲಿ ಒಂದು ಅಡ್ಡ. ಐದು ದಿನಕ್ಕೆ ಒಂದು ಗುರುತು ತುಂಬುತ್ತದೆ. ತುಂಬದ ಗುರುತು ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು. ಅದನ್ನು ನೋಡಲಾಗದೇ ಮರುದಿನವೂ ಕೂರುತ್ತಿದ್ದ. ಹೀಗೆ ಇನ್ನೂರ ಹದಿನೆಂಟು ದಿನ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತು ಕುರುಡಾಗುವುದಿಲ್ಲ.

ಆ ದಿನಗಳಲ್ಲೇ ಶೆಡ್ಡಿನಲ್ಲಿ ಜನ ಕಡಿಮೆಯಾಗತೊಡಗಿದ್ದರು. ಸೋಮವಾರ ಒಬ್ಬಳು, ಗುರುವಾರ ಇಬ್ಬರು. ನೋಟಿಸ್ ಇಲ್ಲ, ಕಾರಣ ಇಲ್ಲ, ಗೇಟಿನಲ್ಲೇ ಕಾರ್ಡ್ ಕಿತ್ತುಕೊಂಡು ವಾಪಸ್. ಹೋದವರೆಲ್ಲ ನೀರಿನ ನಲ್ಲಿಯ ಬಳಿ ಸಮಿತಿಯ ಪರ ಮಾತಾಡಿದವರೇ. ಯಾರೋ ಒಳಗಿನವರೇ ಹೇಳಿಕೊಡುತ್ತಿದ್ದಾರೆ ಎಂಬುದು ಎಲ್ಲರಿಗೂ ಖಾತ್ರಿಯಾಯಿತು. ಅಂದಿನಿಂದ ಒಬ್ಬರ ನೆರಳನ್ನು ಇನ್ನೊಬ್ಬರು ಅಳೆಯತೊಡಗಿದರು.

ಎಣ್ಣೆಯಣ್ಣನಿಗೆ ಮೊದಲು ತಿಳಿದದ್ದು ಬಹುವಚನದಿಂದ. "ಅಣ್ಣಾ, ಬಾ ಇಲ್ಲಿ, ಇದು ಕಿರುಚ್ತಾ ಇದೆ" ಎಂದು ಇಪ್ಪತ್ತು ವರ್ಷ ಕೂಗಿದ್ದ ಹೆಂಗಸರು ಈಗ "ಮೆಕ್ಯಾನಿಕ್ರೇ, ಸ್ವಲ್ಪ ಬರ್ತೀರಾ" ಎನ್ನತೊಡಗಿದರು. ಮರ್ಯಾದೆ ಕೊಟ್ಟೇ ದೂರ ಇಡುವುದು ಹೇಗೆಂದು ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಅವನು ಡಬ್ಬಿ ಹಿಡಿದು ಸಾಲಿನೊಳಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಎಲ್ಲರಿಗಿಂತ ಹೆಚ್ಚು ಬಹುವಚನ ಬಾಣದಕ್ಕನದು. ಅವಳು ಹೊಲಿದ ಅಂಗಿಗಳನ್ನು ತಪಾಸಣೆ ಮಾಡುವವಳು. ತಪ್ಪು ಕಂಡಲ್ಲೆಲ್ಲ ಕೆಂಪು ಬಾಣದ ಚಿಕ್ಕ ಚೀಟಿ ಅಂಟಿಸುವುದು ಅವಳ ಕೆಲಸ. ಕೂದಲೆಳೆಯಷ್ಟು ಹೊಲಿಗೆ ಜಾರಿದರೂ ಅವಳ ಕಣ್ಣಿಗೆ ಬೀಳುತ್ತಿತ್ತು. ಲಾರಿಯ ಮುಂದೆ ಮಲಗಿದ್ದ ಎಣ್ಣೆಯಣ್ಣನಿಗೆ ನಲವತ್ತೊಂದು ದಿನ ನೀರು ಕೊಟ್ಟವಳೂ ಅವಳೇ.

ಗಾಯಕ್ಕೆ ಉಪ್ಪು ಸವರಿದವನು ಮ್ಯಾನೇಜರ್. ಒಂದು ಮಧ್ಯಾಹ್ನ ಎಲ್ಲರೆದುರು ಎಣ್ಣೆಯಣ್ಣನ ಹೆಗಲ ಮೇಲೆ ಕೈ ಹಾಕಿ, "ಜಪಾನಿ ಕಲೀತಿದ್ದೀಯಂತೆ! ಭೇಷ್, ಭೇಷ್!" ಎಂದ.

"ಯಾರು ಹೇಳಿದ್ರು ಸಾರ್?"

"ನಮಗೆ ಗೊತ್ತಾಗದೇ ಇರೋದು ಏನಿದೆ ಇಲ್ಲಿ?"

ಆ ಕೈ ಹೆಗಲ ಮೇಲೆ ಎರಡು ಕ್ಷಣ ಇತ್ತು. ಎಂಬತ್ತು ಮೆಷಿನ್‌ಗಳ ಹಿಂದಿದ್ದ ಎಂಬತ್ತು ಜೊತೆ ಕಣ್ಣು ಅದನ್ನು ನೋಡಿದವು. ಎಣ್ಣೆಯಣ್ಣ ಅರಿವಿಲ್ಲದೇ ಹೆಗಲು ಒರೆಸಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಅಲ್ಲಿದ್ದ ಯಾರಿಗೆ ಗೊತ್ತಿಲ್ಲ?

ಮರುದಿನ ಅವನು ಕಂಪ್ರೆಸರ್‌ನ ಹಿಂದೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಯಾವ ಸಂಪತ್ತಿಗೆ ಇದು ಎಂದುಕೊಂಡ. ಅನ್ನ ಕೊಡದ ಭಾಷೆ, ಇದ್ದ ಮಾನವನ್ನೂ ತಿನ್ನುತ್ತಿದೆ. ಪುಸ್ತಕ ಪೆಟ್ಟಿಗೆಯಲ್ಲೇ ಉಳಿಯಿತು. ಓದದ ಮೊದಲ ದಿನ ಹಗುರವಾಯಿತು, ಮೂರನೇ ದಿನ ಬೇಜಾರಾಯಿತು, ವಾರ ಕಳೆಯುವಷ್ಟರಲ್ಲಿ ಏನೂ ಅನಿಸದಾಯಿತು.

ಹನ್ನೆರಡು ದಿನವಾದ ಮೇಲೆ ಸಮಿತಿಯ ಅಧ್ಯಕ್ಷ ಅವನನ್ನು ತಡೆದು ನಿಲ್ಲಿಸಿದ. ಅಧ್ಯಕ್ಷ ಎಂದರೆ ಕಟಿಂಗ್ ಮೇಜಿನ ಕೆಲಸಗಾರ, ಎಡಗೈಯ ಎರಡು ಬೆರಳಿಗೆ ಉಗುರಿಲ್ಲದವನು.

"ಶನಿವಾರ ಸಭೆ ಇದೆ ಮಾರಾಯ. ನಿನ್ನ ವಿಷಯವೇ."

"ನನ್ನದೇನು ವಿಷಯ?"

"ಅದನ್ನ ನೀನೇ ಹೇಳ್ಬೇಕು. ಸರಿಯಾಗಿ ಹೇಳದಿದ್ರೆ ನಿನ್ನ ಜಾಗ ಹೋಗುತ್ತೆ. ನನ್ನ ಕೈಲೇನಿಲ್ಲ."

ಎಣ್ಣೆಯಣ್ಣನಿಗೆ ಸಿಟ್ಟು ಬಂದದ್ದು ಅಧ್ಯಕ್ಷನ ಮೇಲಲ್ಲ, ಪುಸ್ತಕದ ಮೇಲೆ. ತೂಕಕ್ಕೆ ಹಾಕಿ ಕೈ ತೊಳೆದುಕೊಳ್ಳೋಣ ಎಂದು ನೇರ ಕಂಪ್ರೆಸರ್‌ನ ಹಿಂದೆ ಹೋಗಿ ಪೆಟ್ಟಿಗೆಯ ಬಾಗಿಲು ತೆಗೆದ. ತೆಗೆದವನು ಹಾಗೇ ನಿಂತ.

ಅವನು ಬಿಟ್ಟಾಗ ಕೊನೆಯ ಗುರುತಿಗೆ ಮೂರೇ ಗೀಟು ಇತ್ತು. ಈಗ ಅದು ತುಂಬಿತ್ತು. ಅದರ ಪಕ್ಕ ಇನ್ನೂ ಎರಡು ಗುರುತು ತುಂಬಿ ನಿಂತಿದ್ದವು. ಬೆರಳಿಟ್ಟು ಎಣಿಸಿದ. ಹನ್ನೆರಡು ಗೀಟು, ಓದದ ಹನ್ನೆರಡು ದಿನಕ್ಕೆ ಸರಿಯಾಗಿ. ಅವನ ಗೀಟುಗಳಿಗಿಂತ ತೆಳು, ನೇರ. ಯಾರೋ ದಿನಾ ಬರುತ್ತಿದ್ದರು.

ಮೊದಲು ಬಂದ ಅನುಮಾನ ಮ್ಯಾನೇಜರ್‌ನ ಮೇಲೆ. ಆಮೇಲೆ ಅಧ್ಯಕ್ಷನ ಮೇಲೆ. ಆಮೇಲೆ, ಹೇಳಲು ನಾಚಿಕೆ, ತನ್ನ ಮೇಲೇ. ಮರೆವಿನಲ್ಲಿ ತಾನೇ ಹಾಕಿದೆನೇ ಎಂದು. ಕಡೆಗೆ ಮೆಕ್ಯಾನಿಕ್‌ನ ಬುದ್ಧಿ ಓಡಿತು. ಸಂಜೆ ಮನೆಗೆ ಹೊರಡುವ ಮುನ್ನ ಪೆಟ್ಟಿಗೆಯ ಚಿಲಕದ ಒಳಬದಿಗೆ, ಕಣ್ಣಿಗೆ ಕಾಣದ ಕಡೆ, ಕಪ್ಪು ಗ್ರೀಸನ್ನು ಉಗುರಿನಿಂದ ತೆಳ್ಳಗೆ ಎಳೆದ. ಆ ಗ್ರೀಸು ಸೋಪಿಗೆ ಜಗ್ಗುವುದಿಲ್ಲ, ಸೀಮೆಎಣ್ಣೆಗೆ ಮಾತ್ರ ಬಿಡುತ್ತದೆ. ನಾಳೆ ಯಾರ ಬೆರಳು ಕಪ್ಪೋ ಅವರೇ ಕಳ್ಳರು. ಬಲೆ ಸರಿಯಾಗಿಯೇ ಇತ್ತು. ಆ ವಾರ ಶೆಡ್ಡಿನಲ್ಲಿ ಓಡುತ್ತಿದ್ದುದು ಬಿಳಿ ಅಂಗಿ ಎಂಬುದೊಂದನ್ನು ಮೂವತ್ತು ವರ್ಷದ ಅನುಭವಸ್ಥ ಮರೆತಿದ್ದ.

ಮರುದಿನ ಬೆಳಗಿನ ಹತ್ತು ಗಂಟೆಗೆ ಕೂಗಾಟ ಕೇಳಿತು. ತಪಾಸಣೆಯ ಮೇಜಿನಿಂದ ಇಸ್ತ್ರಿಗೆ ಹೋದ ಹದಿನಾಲ್ಕು ಅಂಗಿಗಳ ಕಾಲರಿನ ಮೇಲೆ ಕಪ್ಪು ಬೆರಳಿನ ಗುರುತು. ಮ್ಯಾನೇಜರ್ ಒಂದು ಅಂಗಿಯನ್ನು ಬಾವುಟದ ಹಾಗೆ ಎತ್ತಿ ಹಿಡಿದು ಅರಚುತ್ತಿದ್ದ.

"ಕಲೆ ಹಿಡಿಯೋ ಮೇಜಿಂದಲೇ ಕಲೆ ಬಂದಿದೆ! ಎಲ್ರೂ ಕೈ ತೋರ್ಸಿ!"

ಸಾಲಾಗಿ ಅಂಗೈಗಳು ಮೇಲೆದ್ದವು. ಬಾಣದಕ್ಕನ ಬಲಗೈ ಮಾತ್ರ ಮುಷ್ಟಿಯಾಗಿತ್ತು. ಅವಳ ಮುಖ ಗೋಡೆಯ ಹಾಗಿತ್ತು, ಆದರೆ ಮುಷ್ಟಿಯ ಸಂದಿಯಲ್ಲಿ ಕಪ್ಪು ಅಂಚು ಎಣ್ಣೆಯಣ್ಣನಿಗೆ ಕಂಡಿತು. ಈ ತಿಂಗಳಲ್ಲಿ ಇಷ್ಟು ಕಾರಣ ಸಿಕ್ಕರೆ ಸಾಕು, ಸಂಜೆಗೆ ಅವಳ ಕಾರ್ಡ್ ಗೇಟಿನಲ್ಲಿ ಇರುತ್ತದೆ.

"ತಪ್ಪು ನಂದು ಸಾರ್," ಎಂದ ಮುಂದೆ ಬಂದು. "ಬೆಳಿಗ್ಗೆ ಅವರ ಮೇಜಿನ ದೀಪದ ಸ್ಪ್ರಿಂಗಿಗೆ ಗ್ರೀಸ್ ಹಾಕಿದ್ದೆ. ಒರೆಸೋದು ಮರೆತೆ."

"ನೀನಾ? ಮೂವತ್ತು ವರ್ಷದಲ್ಲಿ ಒಂದು ಹನಿ ಚೆಲ್ಲದೋನು?"

"ವಯಸ್ಸಾಯ್ತು ಸಾರ್."

ಮ್ಯಾನೇಜರ್ ಅವನನ್ನು ಮೇಲಿಂದ ಕೆಳಗೆ ನೋಡಿದ. ಎರಡು ವಾರದ ಹಿಂದೆ ಹೆಗಲ ಮೇಲೆ ಹಾಕಿದ್ದ ಅದೇ ಕೈಯಲ್ಲಿ ಮೆಮೊ ಬರೆದುಕೊಟ್ಟ: ಕರ್ತವ್ಯದಲ್ಲಿ ಬೇಜವಾಬ್ದಾರಿ, ಇನ್ನೊಮ್ಮೆ ಆದರೆ ಕೆಲಸದಿಂದ ವಜಾ.

ನಲ್ಲಿಯ ಬಳಿ ಬಾಣದಕ್ಕ ಕೈ ಉಜ್ಜುತ್ತಾ ನಿಂತಿದ್ದಳು. ಎಣ್ಣೆಯಣ್ಣ ಸೀಮೆಎಣ್ಣೆ ಅದ್ದಿದ ಚಿಂದಿಯನ್ನು ಕಟ್ಟೆಯ ಮೇಲಿಟ್ಟ.

"ಇದರಿಂದ ಹೋಗುತ್ತೆ ಅಕ್ಕ."

"ಹಚ್ಚಿದೋರೂ ನೀವೇ, ಒರೆಸೋರೂ ನೀವೇ," ಎಂದಳು ಚಿಂದಿ ಎತ್ತಿಕೊಳ್ಳುತ್ತ. "ಮೆಮೊ ತಗೊಂಡ ಕೂಡ್ಲೇ ಸಾಚಾ ಆಗ್ಬಿಡ್ತೀರಾ? ಹೀಗೆ ನಾಟಕ ಆಡಿ ನಂಬಿಸಿ ಅಂತ ಅವರೇ ಹೇಳಿರಬಹುದು. ಶನಿವಾರ ಸಿಗಿ."

ಶನಿವಾರ ಸಭೆ ನಡೆದದ್ದು ಸೈಕಲ್ ರಿಪೇರಿ ಅಂಗಡಿಯೊಂದರ ಮಹಡಿಯಲ್ಲಿ, ಒಂದು ಬಲ್ಬು, ಆರು ಪ್ಲಾಸ್ಟಿಕ್ ಕುರ್ಚಿ, ಉಳಿದವರು ನೆಲದ ಮೇಲೆ. ಬಾಣದಕ್ಕ ಸಮಿತಿಯವಳಲ್ಲ, ಸಾಕ್ಷಿಗೆಂದು ಬಂದಿದ್ದಳು. ತೊಡೆಯ ಮೇಲೆ ಕಾಗದದ ಒಂದು ಕಟ್ಟು. ಎಣ್ಣೆಯಣ್ಣ ಮುದುರಿ ಎಸೆದಿದ್ದ ತೆಳು ಕಾಗದಗಳು ಅವು. ಐದು ತಿಂಗಳಿಂದ ಚಿಂದಿಬುಟ್ಟಿಯಿಂದ ಆಯ್ದು, ಇಸ್ತ್ರಿ ಮಾಡಿ, ತಾರೀಖು ಹಾಕಿ ಇಟ್ಟಿದ್ದಳು.

"ಕೇಳಿ ಎಲ್ರೂ," ಎಂದಳು. "ಗುರುತಿನ ಪಕ್ಕ ಅರ್ಥ ಅವರೇ ಬರೆದಿದ್ದಾರೆ. ಜನ. ಬಾಯಿ. ಕಿವಿ. ಕಣ್ಣು. ಬಾಗಿಲು. ಒಳಗೆ. ಹೊರಗೆ. ಭಾಷೆ ಕಲಿಯೋರು ಕಲಿಯೋ ಮಾತಾ ಇದು? ಇಲ್ನೋಡಿ, ಇದು ಬಾಗಿಲು. ಇದು ಕಿವಿ. ಆಮೇಲೆ ಇದು! ಬಾಗಿಲೊಳಗೆ ಕಿವಿ ಇಟ್ಟಿದ್ದಾರೆ. ಪಕ್ಕದಲ್ಲಿ ಏನು ಬರೆದಿದ್ದಾರೆ? ಕೇಳು! ಇದಕ್ಕಿಂತ ಸಾಕ್ಷಿ ಬೇಕಾ?"

"ಪುಸ್ತಕದಲ್ಲಿ ಮೊದಲ ಪಾಠವೇ ಹಾಗಿದೆ ಅಕ್ಕ," ಎಂದ ಎಣ್ಣೆಯಣ್ಣ.

"ಗೀಟು? ಅದೂ ಪಾಠನಾ? ನಲ್ಲಿ ಹತ್ರ ಯಾರು ಮಾತಾಡಿದ್ರೋ ಅವರ ತಲೆಗೊಂದು ಗೀಟು ಅಂತ ನಮಗೆ ಗೊತ್ತಿಲ್ವಾ? ಅದಕ್ಕೇ ನಾನು ಕಳ್ಳಗೀಟು ಹಾಕ್ದೆ. ಲೆಕ್ಕ ಕೆಟ್ಟರೆ ಪಟ್ಟಿನೂ ಕೆಡ್ಲಿ ಅಂತ."

ಎಣ್ಣೆಯಣ್ಣನಿಗೆ ಸಿಟ್ಟು ಬರಬೇಕಿತ್ತು. ಬದಲಿಗೆ, ಅವಳ ಗೀಟುಗಳು ತನ್ನವಕ್ಕಿಂತ ನೇರವಾಗಿದ್ದವು ಎಂಬುದು ನೆನಪಾಗಿ ಹೊಟ್ಟೆಕಿಚ್ಚಾಯಿತು.

"ಅದು ದಿನದ ಲೆಕ್ಕ ಅಕ್ಕ. ಓದಿದ ದಿನಕ್ಕೊಂದು ಗೀಟು. ಅಷ್ಟೇ."

"ಯಾಕೆ ಓದ್ತೀಯ?" ಎಂದ ಅಧ್ಯಕ್ಷ. "ಸತ್ಯ ಹೇಳು. ಏನು ಸಿಗುತ್ತೆ?"

"ಏನೂ ಸಿಗಲ್ಲ. ಅದಕ್ಕೇ ಓದೋದು. ಬೆಳಿಗ್ಗೆಯಿಂದ ಸಂಜೆವರೆಗೂ ಗಂಟೆಗೆ ಇಷ್ಟು ಅಂತ ಟಾರ್ಗೆಟ್. ಆ ಇಪ್ಪತ್ತು ನಿಮಿಷಕ್ಕೆ ಯಾರ ಟಾರ್ಗೆಟ್ಟೂ ಇಲ್ಲ."

"ಟಾರ್ಗೆಟ್ ಇಲ್ಲದಿದ್ರೆ ಗೀಟು ಯಾಕೆ?" ಎಂದಳು ಬಾಣದಕ್ಕ ಥಟ್ಟನೆ. ಎಲ್ಲಿ ಹೊಲಿಗೆ ಬಿಟ್ಟಿದೆ ಎಂಬುದು ಅವಳ ಕಣ್ಣಿಗೆ ತಪ್ಪುವುದಿಲ್ಲ.

ಎಣ್ಣೆಯಣ್ಣ ಸಭೆಗೆ ಹೇಳಲೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮುಗಿದಿತ್ತು.

"ಹಾಕದಿದ್ರೆ ಬಿಟ್ಟುಬಿಡ್ತೀನಿ ಅಕ್ಕ. ಮೂರು ಸಲ ಬಿಟ್ಟಿದ್ದೆ. ನನಗೆ ನನ್ನ ಮೇಲೇ ನಂಬಿಕೆ ಇಲ್ಲ. ನೀನು ಗೀಟು ಹಾಕಿದ ಆ ಹನ್ನೆರಡು ದಿನಾನೂ ನಾನು ಪುಸ್ತಕ ಮುಟ್ಟಿಲ್ಲ."

ಬಾಣದಕ್ಕ ಅವನನ್ನೇ ದಿಟ್ಟಿಸಿದಳು. ತನ್ನನ್ನೇ ನಂಬದ ಮನುಷ್ಯ ಅವಳಿಗೆ ಅರ್ಥವಾಗುವ ಜಾತಿ. ಅವಳು ಮನೆಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುವವಳು.

"ಪರೀಕ್ಷೆ ಆಗ್ಲಿ," ಎಂದಳು.

ಕಟ್ಟಿನಿಂದ ಹತ್ತು ಕಾಗದ ಎಳೆದಳು. ಗುರುತನ್ನು ಹೆಬ್ಬೆರಳಿನಿಂದ ಮುಚ್ಚಿ ಅರ್ಥವನ್ನಷ್ಟೇ ಓದುವುದು, ಅವನು ನೋಡದೇ ಬರೆಯುವುದು. ಬರೆದದ್ದನ್ನು ಅವಳು ಕಾಗದದ ಪಕ್ಕ ಇಟ್ಟು, ಮಾದರಿ ಅಂಗಿಯ ಜೊತೆ ಹೊಸ ಅಂಗಿ ಹೋಲಿಸುವ ಹಾಗೆ ಗೀಟಿಗೆ ಗೀಟು ತಾಳೆ ನೋಡಿದಳು. "ಕಿವಿ." ಸರಿ. "ದಾರಿ." ತಪ್ಪು. "ಒರೆಸು." ಬರಲೇ ಇಲ್ಲ, ಅವನು ಮೊದಲು ಓದಿದ ಸಾಲಿನ ಮಾತೇ ಬರಲಿಲ್ಲ, ಬೆವರಿದ. ಹತ್ತರಲ್ಲಿ ಆರು ಸರಿ, ನಾಲ್ಕು ತಪ್ಪು.

ಎಣ್ಣೆಯಣ್ಣ ತಲೆ ತಗ್ಗಿಸಿದ. ಜಾಗ ಹೋಯಿತು ಎಂದುಕೊಂಡ.

ಅಧ್ಯಕ್ಷ ಗಹಗಹಿಸಿ ನಕ್ಕ. "ಅಯ್ಯೋ, ಇವನು ಗೂಢಚಾರ ಆಗಿದ್ರೆ ಹತ್ತಕ್ಕೆ ಹತ್ತು ಬರೀತಿದ್ನಲ್ಲೋ! ಯಾರಾದ್ರೂ ಇಂಥ ದಡ್ಡನಿಗೆ ಗುಟ್ಟಿನ ಕೆಲಸ ಕೊಡ್ತಾರಾ?"

ನಾಲ್ಕು ಜನ ನಕ್ಕರು. ಎಣ್ಣೆಯಣ್ಣ ನಗಲಿಲ್ಲ. "ಒಂದು ಮಾತು ಕೇಳ್ತೀನಿ," ಎಂದ. "ನಾನು ಕಲೀತಿರೋದು ಮ್ಯಾನೇಜರ್‌ಗೆ ಹೇಗೆ ಗೊತ್ತಾಯ್ತು? ಗೀಟಿನ ವಿಷಯ ಗೊತ್ತಿದ್ದೋರು ನಿಮ್ಮಲ್ಲೇ ಕೆಲವರು. ನಾನಂತೂ ಹೇಳ್ಕೊಂಡಿಲ್ಲ."

ನಗು ಅಲ್ಲಿಗೇ ನಿಂತಿತು. ಒಬ್ಬರು ಇನ್ನೊಬ್ಬರ ಮುಖ ನೋಡಿದರು, ನೋಡಿದ್ದು ಗೊತ್ತಾಗಬಾರದೆಂದು ಬಲ್ಬು ನೋಡಿದರು. ಹೇಳಿಕೊಟ್ಟವರು ಯಾರೆಂದು ಅವತ್ತೂ ಗೊತ್ತಾಗಲಿಲ್ಲ, ಇವತ್ತಿಗೂ ಗೊತ್ತಾಗಿಲ್ಲ.

ಮುಂದಿನ ಅರ್ಧ ಗಂಟೆಯಲ್ಲಿ ತೀರ್ಮಾನವಾಯಿತು. ಜಾಗ ಕಸಿಯುವುದಿಲ್ಲ; ಆದರೆ ಒಂದು ವರ್ಷ ಅವನು ಸಭೆಯಲ್ಲಿ ಕೂರಬಹುದು, ಮತಕ್ಕೆ ಕೈ ಎತ್ತುವಂತಿಲ್ಲ. ಪೆಟ್ಟಿಗೆಯ ಬಾಗಿಲು ಸದಾ ತೆರೆದಿರಬೇಕು. ಗೀಟು ಹಾಕುವ ಹಕ್ಕು ಇನ್ನು ಅವನದಲ್ಲ. ದಿನಾ ಬಾಣದಕ್ಕ ಐದು ಮಾತು ಕೇಳಿ, ತಾಳೆ ನೋಡಿ, ಅವಳೇ ಹಾಕಬೇಕು. ಕಳ್ಳಗೀಟು ಹದಿಮೂರಾಗಿದ್ದವು, ಗ್ರೀಸು ಮೆತ್ತಿದ ದಿನದ್ದೂ ಸೇರಿ. ಅಳಿಸುವುದಾಗಿ ಅವನು ಹೇಳಿದ. "ಬೇಡ. ಹದಿಮೂರು ದಿನ ಗೀಟಿಲ್ಲದೇ ಓದಿ. ಆಮೇಲೆ ಅವು ನಿಜ ಆಗುತ್ವೆ," ಎಂದಳು ಅವಳು.

ಗೀಟಿಲ್ಲದ ಹದಿಮೂರು ದಿನ ಅವನಿಗೆ ಲಾರಿಯ ಮುಂದಿನ ನಲವತ್ತೊಂದು ದಿನಕ್ಕಿಂತ ಉದ್ದವಾದವು. ಆದರೆ ತಪ್ಪಿಸುವ ಹಾಗಿರಲಿಲ್ಲ. ಊಟದ ಡಬ್ಬಿ ಮುಚ್ಚುವಷ್ಟರಲ್ಲಿ ಅವಳು ಕಟ್ಟು ಹಿಡಿದು ಬಂದಿರುತ್ತಿದ್ದಳು. ಒಂದು ದಿನ ಜ್ವರವೆಂದ. ಹಣೆ ಮುಟ್ಟಿ ನೋಡಿ, ಸುಳ್ಳು ಎಂದಳು. ಕಂಪ್ರೆಸರ್ ಕೆಟ್ಟಿದೆ ಎಂದ. ಅದು ಕೂಗುತ್ತಿರುವುದು ತನಗೆ ಕೇಳಿಸುತ್ತದೆ ಎಂದಳು. ಅವನ ಹಾಳೆಯ ಮೇಲೆ ಕೆಂಪು ಬಾಣದ ಚೀಟಿಗಳು ಬಿದ್ದವು: ಈ ಗೀಟು ಗಿಡ್ಡ, ಇದು ಸೊಟ್ಟ, ಇಲ್ಲಿ ಒಂದು ಕಡಿಮೆ. ಅವಳಿಗೆ ಒಂದು ಮಾತೂ ಓದಲು ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮಾದರಿಗೆ ಹೊಂದಬೇಕು, ಅಷ್ಟೇ. ಹತ್ತಕ್ಕೆ ಏಳು ಮರೆಯುತ್ತಿದ್ದವನು ಮೂರು ಮರೆಯತೊಡಗಿದ.

ಹದಿನಾಲ್ಕನೇ ಮಧ್ಯಾಹ್ನ ಐದರಲ್ಲಿ ನಾಲ್ಕು ಸರಿಯಾದವು. ಐದನೆಯದು "ಒರೆಸು." ಬರೆದ. ಅವಳು ಬೆಳಕಿಗೆ ಹಿಡಿದು ನೋಡಿ, ಮೂಲೆಯಲ್ಲಿ ಒಂದು ಬಾಣ ಅಂಟಿಸಿದಳು.

"ಇಲ್ಲಿ ಗೀಟು ಮುಟ್ಟಿಲ್ಲ. ತಗೋ, ತಿದ್ದು."

ತಿದ್ದಿದ. ಮಾದರಿಯ ಪಕ್ಕ ಇಟ್ಟು ನೋಡಿದಳು, ಮತ್ತೊಮ್ಮೆ ನೋಡಿದಳು. ಸೀಮೆಸುಣ್ಣ ತೆಗೆದುಕೊಂಡು ಬಾಗಿಲಿನ ಮೇಲೆ ಒಂದು ಗೀಟು ಎಳೆದಳು, ತೆಳ್ಳಗೆ, ನೇರವಾಗಿ.

"ನಂಬಿಬಿಟ್ಟೆ ಅಂತ ಅಂದ್ಕೋಬೇಡ."

"ಇಲ್ಲ ಅಕ್ಕ," ಎಂದ ಎಣ್ಣೆಯಣ್ಣ, ಡಬ್ಬಿ ಎತ್ತಿಕೊಂಡು. "ನಂಬಬೇಡ. ನಂಬಿದ್ರೆ ನಾಳೆ ನೀನು ಬರಲ್ಲ."

ಗಂಟೆ ಹೊಡೆಯಿತು. ಅವಳು ಕಟ್ಟನ್ನು ಸೀರೆಯ ಮಡಿಲಿಗೆ ಸೇರಿಸಿ ಮೇಜಿಗೆ ಹೋದಳು. ಹೋಗುವ ಮೊದಲು ಪೆಟ್ಟಿಗೆಯ ಚಿಲಕದ ಒಳಬದಿಯನ್ನು ಒಮ್ಮೆ ಬಗ್ಗಿ ನೋಡಿದಳು, ಗ್ರೀಸು ಇದೆಯೇ ಎಂದು.